ಬೆಳತನಕ ನಡೆಯುವ ಭಜನಿ

ಇಷ್ಟು ವರ್ಷ ಕೇಳಿದ ಕಛೇರಿಗಳಲ್ಲಿ ಮರೆಯಲಾಗದ್ದು ಯಾವುದು ಎಂದು ಕಲಬುರಗಿಯ ಗಾಜಿಪುರದ ಗೆಳೆಯರ ನಡುವೆ ಮಾತು ಬಂದರೆ ಹಿಂದೂಸ್ತಾನಿ ದಿಗ್ಗಜರ ಹೆಸರೇ ಮೊದಲು ಕೇಳಿಬರುತ್ತದೆ. ತಪ್ಪೇನಿಲ್ಲ. ಚಿತ್ರಕಾರರೊಬ್ಬರ ಹೆಸರು ಹೊತ್ತ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಾವೂ ಒಳ್ಳೆಯ ಸಂಗೀತ ಕೇಳಿದವರೇ. ಆದರೆ ನನ್ನ ಲೆಕ್ಕದಲ್ಲಿ ಮೇಲಿರುವುದು ವೇದಿಕೆ, ಟಿಕೆಟ್ಟು, ಕರಪತ್ರ ಯಾವುದೂ ಇಲ್ಲದ ತತ್ವಪದದ ಭಜನಿ. ಇದನ್ನು ಭಕ್ತಿಯ ಖಾನೆಗೆ ಸೇರಿಸಿ ಸಂಗೀತದ ಪುಟದಿಂದ ಹೊರಗಿಡುವ ನಮ್ಮ ಅಭ್ಯಾಸವೇ ನನಗೆ ಒಪ್ಪಿಗೆಯಿಲ್ಲ.

ಅಮವಾಸ್ಯೆ, ಶ್ರಾವಣದ ಸೋಮವಾರ, ಶಿವರಾತ್ರಿ, ಊರ ಜಾತ್ರೆ ಇದರ ಹೊತ್ತು. ಊಟ ಮುಗಿಸಿ ಗುಡಿಯಲ್ಲೋ ಮಠದಲ್ಲೋ ಸೇರುತ್ತಾರೆ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಹಳಬರಿದ್ದರೆ ಏಕತಾರಿ. ಗುರುವಿನ ಪದದಿಂದ ಶುರು. ಒಬ್ಬರು ನುಡಿ ಎತ್ತುತ್ತಾರೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಮೊದಲ ಒಂದೆರಡು ತಾಸು ದನಿ ಕಾಯುವುದಕ್ಕೇ ಹೋಗುತ್ತದೆ. ಆಗಲೇ ಎದ್ದುಹೋದವರಿಗೆ ಭಜನಿ ಕೇಳಿದ ಲೆಕ್ಕವಿಲ್ಲ. ನಡುರಾತ್ರಿ ಚಾ, ಚುರುಮುರಿ ಬಂದ ಮೇಲೆ ಲಯ ಏರುತ್ತದೆ. ಎರಡು ಮೇಳಗಳು ಎದುರುಬದುರು ಕೂತಿದ್ದರಂತೂ ಕೇಳುವುದೇ ಬೇಡ. ಒಂದು ಮೇಳ ಒಗಟಿನಂಥ ಬೆಡಗಿನ ಪದ ಎಸೆಯುತ್ತದೆ, ಇನ್ನೊಂದು ಅದನ್ನು ಬಿಡಿಸುವ ಪದವನ್ನು ನೆನಪಿನಿಂದಲೇ ತೆಗೆಯಬೇಕು. ರಾಗದ ಶುದ್ಧಿಗಿಂತ ಇಲ್ಲಿ ಹೊತ್ತಿಗೊದಗುವ ಪದಕ್ಕೆ ಬೆಲೆ. ತಡವರಿಸಿದವರನ್ನು ಕೂತವರು ಸುಮ್ಮನೆ ಬಿಡುವುದಿಲ್ಲ.

ಈ ಸೀಮೆಯ ಭಜನಿಗೆ ಬೇರು ಕಡಕೋಳದ ಮಡಿವಾಳಪ್ಪ. ಅಫಜಲಪುರದ ಕಡೆಯ ಬಿದನೂರಲ್ಲಿ ಹುಟ್ಟಿ, ಕಡಕೋಳದಲ್ಲಿ ನೆಲೆನಿಂತವರು. ಜಾತಿ, ಮಡಿ, ತೋರಿಕೆಯ ಪೂಜೆ ಯಾವುದನ್ನೂ ಬಿಡದೆ ತಮ್ಮ ತತ್ವಪದಗಳಲ್ಲಿ ಕುಟುಕಿದರು. ಅವರ ಶಿಷ್ಯರ ಸಾಲು ನೋಡಿ: ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರು. ಎಲ್ಲರೂ ಪದ ಕಟ್ಟಿದವರೇ. ಹಾಡುವವರಿಗೆ ಇವರೆಲ್ಲ ಪುಸ್ತಕದ ಕವಿಗಳಲ್ಲ. ಕೊನೆಯ ನುಡಿಯಲ್ಲಿ ಅಂಕಿತ ಬಂದಾಗ ಕೈಮುಗಿಯುವಷ್ಟು ಹತ್ತಿರದವರು. ತತ್ವಪದಗಳು ಈಗ ಹತ್ತಾರು ಸಂಪುಟಗಳಾಗಿ ಅಚ್ಚಾಗಿವೆ, ಸಂತೋಷವೇ. ಭಜನಿಯಲ್ಲಿ ಮಾತ್ರ ಇನ್ನೂ ನಡೆಯುವುದು ಕೈಬರಹದ ವಹಿ. ಎಣ್ಣೆಗೈ ತಾಗಿ ಮಾಸಿದ ಹಾಳೆ, ಬಾಯಲ್ಲಿದ್ದಂತೆಯೇ ಬರೆದ ಕಾಗುಣಿತ.

ಸಾವಿನ ಮನೆಯ ಭಜನಿಯ ಮಾತೇ ಬೇರೆ. ಹೆಣ ಇಟ್ಟ ರಾತ್ರಿ ಮಂಡಳಿಯವರು ಕರೆಯದೇ ಬಂದು ಕೂಡುತ್ತಾರೆ. ದೇಹ ನೆಚ್ಚಬೇಡ ಎನ್ನುವ ಪದಗಳನ್ನು ಗುಡಿಯಲ್ಲಿ ನಾವು ತಲೆದೂಗಿ ಕೇಳಿರುತ್ತೇವೆ. ಅವೇ ಪದಗಳು ಅಲ್ಲಿ ಅಳುವವರ ನಡುವೆ ಏರುದನಿಯಲ್ಲಿ ಬರುತ್ತವೆ. ಅಂಥ ರಾತ್ರಿಯನ್ನು ಮೆಚ್ಚಿನ ಕಛೇರಿ ಎಂದು ಹೇಳಲು ನಾಲಿಗೆ ಹಿಂಜರಿಯುತ್ತದೆ. ಆದರೂ ನಾನು ಕೇಳಿದ ಅತ್ಯುತ್ತಮ ಹಾಡಿಕೆ ಅಲ್ಲಿಯದೇ.

ಭಜನಿಯಲ್ಲಿ ಬರುವ ಶಿಶುನಾಳ ಶರೀಫರ ಪದಗಳನ್ನು ಗಾಯಕ ಸಿ. ಅಶ್ವತ್ಥ್ ನಾಡಿನ ಮನೆಮನೆಗೆ ಮುಟ್ಟಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ 'ಕನ್ನಡವೇ ಸತ್ಯ'ಕ್ಕೆ ಸೇರಿದ ಜನಸಾಗರ ಸುಗಮ ಸಂಗೀತಕ್ಕೆ ಹೊಸದು. ಅದರ ಬಳುವಳಿ ನಮ್ಮ ಭಜನಿಗೂ ಬಂದಿದೆ: ಹುಡುಗರು ಶರೀಫರನ್ನು ಈಗ ಅಶ್ವತ್ಥರ ಧಾಟಿಯಲ್ಲೇ ಎತ್ತುತ್ತಾರೆ. ಹಿರಿಯರು ಮುಖ ಕಿವುಚುತ್ತಾರೆ. ನನಗೆ ಅದಕ್ಕಿಂತ ಹೆಚ್ಚಿನ ತಕರಾರು ಗುಡಿಯ ಧ್ವನಿವರ್ಧಕದ್ದು. ಹತ್ತು ಮಂದಿ ಕೂತ ಪಡಸಾಲೆಗೆ ಅಷ್ಟು ಸದ್ದು ಯಾಕೆ? ಏಕತಾರಿ ಅದರಲ್ಲಿ ಕೇಳುವುದೇ ಇಲ್ಲ.

ಕೇಳಬೇಕೆನ್ನುವವರು ಅಮವಾಸ್ಯೆಯ ಸಂಜೆ ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು ಕೆಂಪು ಬಾಳೆಯ ಕಮಲಾಪುರದ ಕಡೆ ಹೊರಡಿ. ಜಾಹೀರಾತು ಸಿಗದು, ಚಾದಂಗಡಿಯಲ್ಲಿ "ಇವತ್ತ ಭಜನಿ ಎಲ್ಲಿ ಅದರಿ?" ಎಂದು ಕೇಳಿದರೆ ಸಾಕು, ಊರು ತೋರಿಸುತ್ತಾರೆ. ಕಂಬಳಿ ಇರಲಿ. ಪದ ಮುಗಿದಾಗ ಚಪ್ಪಾಳೆ ತಟ್ಟಬೇಡಿ, ಪಲ್ಲವಿ ಬಂದಾಗ ದನಿ ಕೂಡಿಸಿ.