ಮೈಬಿಸಿ ಅರಿಯುವ ಹುಣಸೆ ಬೀಜ

ಶಿವರಾತ್ರಿ ಕಳೆದು ಯುಗಾದಿ ದಾಟುವವರೆಗೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಹುಣಸೆ ಕುಟ್ಟುವ ಸದ್ದು. ಹೆಂಗಸರು ಜಗಲಿಯಲ್ಲಿ ಕೂತು ಓಟು ಬಿಡಿಸಿ, ನಾರೆಳೆದು, ಬೀಜ ಬೇರೆ ಮಾಡುತ್ತಾರೆ. ಹಣ್ಣು ತುಮಕೂರಿನ ಮಂಡಿಗೆ ಹೋಗುತ್ತದೆ. ಬೀಜದಲ್ಲಿ ನಾಲ್ಕಾರು ಚೌಕಾಬಾರದ ಆಟಕ್ಕೆ, ಉಳಿದದ್ದು ವ್ಯಾಪಾರಿಯ ಮೂಟೆಗೆ. ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಅದರ ಹಿಟ್ಟು ಬೇಕು. ಅದೇ ಹಿಟ್ಟಿನಿಂದ ಕ್ಯಾನ್ಸರ್ ಔಷಧವನ್ನು ಹಿಡಿದಿಟ್ಟು ಮೆಲ್ಲಗೆ ಬಿಡುವ ವಸ್ತುವನ್ನೂ ಸಿದ್ಧಪಡಿಸಿದ್ದಾರೆ. ನಮ್ಮ ಸೀಮೆಯವರು ತಿಳಿಯಲೇಬೇಕಾದ ಕಸುಬು ಅದು.

ಮೊದಲು ಔಷಧದ ಪಾಡು ನೋಡಿ. 1957ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ರೂಪಿಸಿದ 5-ಫ್ಲೂರೋಯುರಾಸಿಲ್ ಇಂದಿಗೂ ಕರುಳಿನ ಕ್ಯಾನ್ಸರಿಗೆ ಮುಖ್ಯ ಮದ್ದು. ರಕ್ತನಾಳಕ್ಕೆ ಕೊಟ್ಟ ಹತ್ತಿಪ್ಪತ್ತು ನಿಮಿಷದಲ್ಲೇ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಹೆಚ್ಚು ಕೊಟ್ಟರೆ ಮೂಳೆಯ ಮಜ್ಜೆ, ಬಾಯಿಯ ಒಳಪದರ, ಕರುಳು ಎಲ್ಲಕ್ಕೂ ಪೆಟ್ಟು. ಏರಿ ಒಡೆದು ನುಗ್ಗಿದ ನೀರು ಪೈರಿಗೆ ದಕ್ಕುವುದಿಲ್ಲ, ನೀರುಗಂಟಿ ತೂಬನ್ನು ಬೇಕಾದಷ್ಟೇ ಎತ್ತಬೇಕು. ಮದ್ದನ್ನೂ ಹಾಗೆಯೇ ಬಿಡಬೇಕು. ಹುಣಸೆ ಹಿಟ್ಟಿನಿಂದ ಮಾಡಿದಂಥ ಪಾಲಿಮರ್‌ಗಳಲ್ಲಿ, ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತುಗಳಲ್ಲಿ, ನೀರುಗಂಟಿಯೂ ಒಳಗೇ ಇದ್ದಾನೆ. ಬಿಸಿಯನ್ನೋ ಹುಳಿಯನ್ನೋ ಅರಿತು ಅವು ತಾವಾಗಿ ಹಿಗ್ಗುತ್ತವೆ, ಕುಗ್ಗುತ್ತವೆ, ಗಟ್ಟಿಯಾಗುತ್ತವೆ.

ಹುಣಸೆ ಬೀಜದ ತಿರುಳಿನಲ್ಲಿರುವುದು ಜೈಲೋಗ್ಲೂಕಾನ್. ಗ್ಲೂಕೋಸಿನ ಉದ್ದ ಸರಪಳಿ, ಅದಕ್ಕೆ ಜೈಲೋಸಿನ ಕವಲುಗಳು, ಕೆಲವು ಕವಲುಗಳ ತುದಿಯಲ್ಲಿ ಗ್ಯಾಲಕ್ಟೋಸ್. ಈ ತುದಿಗಳಿಗೆ ನೀರಿನ ಮೇಲೆ ಮೋಹ. ಅವು ಇರುವಷ್ಟು ಕಾಲ ಸರಪಳಿಗಳು ಒಂದನ್ನೊಂದು ಮುಟ್ಟದೆ ನೀರಿನಲ್ಲಿ ತೇಲಾಡುತ್ತವೆ. ಒಂದು ಕಿಣ್ವ ಹಾಕಿ ತುದಿಗಳನ್ನು ಅಷ್ಟಿಷ್ಟು ಕತ್ತರಿಸಿದರೆ, ಬಿಸಿ ತಾಗಿದೊಡನೆ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ದ್ರವ ಜೆಲ್ ಆಗುತ್ತದೆ. ಬಿಸಿ ಮಾಡಿದರೆ ಗಟ್ಟಿಯಾಗುವುದು! ಕೈಚಳಕವೆಲ್ಲ ಎಷ್ಟು ಕತ್ತರಿಸಬೇಕು ಎಂಬುದರಲ್ಲಿದೆ. ಶೇ. 35ರಷ್ಟು ಗ್ಯಾಲಕ್ಟೋಸ್ ತೆಗೆದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, ಶೇ. 58ರಷ್ಟು ತೆಗೆದರೆ 5 ಡಿಗ್ರಿಗೇ. ನಡುವೆ ಎಲ್ಲೋ ಒಂದು ಅಳತೆಯಲ್ಲಿ, ತಂಪಿನಲ್ಲಿ ಸೂಜಿಯೊಳಗೆ ಹರಿದು 37 ಡಿಗ್ರಿಯ ಮೈಯೊಳಗೆ ಗಟ್ಟಿಯಾಗುವ ದ್ರವ ಸಿಗುತ್ತದೆ. ಆ ಅಳತೆ ಕೈಗೆ ಬರುವವರೆಗೆ ಕಿಣ್ವವನ್ನು ಸರಿಯಾದ ಗಳಿಗೆಗೆ ನಿಲ್ಲಿಸುವುದನ್ನು ಕಲಿಯಬೇಕು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ತಾಳ್ಮೆಯೇ.

1998ರಲ್ಲಿ ಜಪಾನಿನ ಶೋಜೊ ಮಿಯಾಜಾಕಿ ಅವರ ತಂಡ ಇಂಥ ದ್ರವಕ್ಕೆ ಮೈಟೋಮೈಸಿನ್-ಸಿ ಎಂಬ ಕ್ಯಾನ್ಸರ್ ಔಷಧ ಬೆರೆಸಿ ಇಲಿಗಳ ಹೊಟ್ಟೆಯ ಪೊರೆಯೊಳಗೆ ಹಾಕಿತು. ಬರಿಯ ಔಷಧ ಅಲ್ಲಿಂದ ಬೇಗನೆ ಮಾಯವಾಗಿತ್ತು. ಜೆಲ್‌ನಲ್ಲಿದ್ದ ಔಷಧ ಬಹಳ ಹೊತ್ತು ನಿಂತು ನಿಧಾನವಾಗಿ ಹೊರಬಂತು.

ಇದೇ ಬಗೆಯ ಕೆಲಸ ನಮ್ಮ ಮಗ್ಗುಲಲ್ಲೂ ನಡೆದಿದೆ. ಪಾವಗಡದಿಂದ ಗಡಿ ದಾಟಿದರೆ ಅನಂತಪುರದ ಸೀಮೆ. ಅಲ್ಲಿನ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಕೆ. ಚೌಡೋಜಿ ರಾವ್ ಅವರ ಬಳಗ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತೇಜರಾಜ ಅಮ್ಮಿನಭಾವಿ ಅವರೊಡನೆ ಸೇರಿ, ಕಡಲಪಾಚಿಯ ಆಲ್ಜಿನೇಟಿಗೆ 32 ಡಿಗ್ರಿ ದಾಟಿದರೆ ಕುಗ್ಗುವ ಇನ್ನೊಂದು ಪಾಲಿಮರ್ ಹೆಣೆದು, 5-ಫ್ಲೂರೋಯುರಾಸಿಲ್ ತುಂಬಿದ ಸಣ್ಣ ಗೋಲಿಗಳನ್ನು ಮಾಡಿತು. ಆ ವರದಿ 2008ರಲ್ಲಿ ಪ್ರಕಟವಾಯಿತು. ಇಂಥ ಗೋಲಿಗಳನ್ನು ಬೆಚ್ಚನೆಯ ನೀರಿನಲ್ಲಿಟ್ಟು, ಆಗಾಗ ಒಂದಿಷ್ಟು ನೀರು ತೆಗೆದು, ಎಷ್ಟು ಔಷಧ ಇಳಿದಿದೆ ಎಂದು ಬೆಳಕಿನ ಮಾಪಕದಲ್ಲಿ ಅಳೆಯುತ್ತಾರೆ. ಗಂಟೆಗಟ್ಟಲೆ ಅದೇ ಕೆಲಸ.

ಪಾಲಿಮರಿನಲ್ಲಿಟ್ಟ ಮದ್ದು ರೋಗಿಗಳನ್ನು ತಲುಪಿಲ್ಲವೆಂದಲ್ಲ. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿ ಇಡುವ ಗ್ಲಿಯಾಡೆಲ್ ಬಿಲ್ಲೆಗೆ 1996ರಲ್ಲೇ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಅದು ಸುಮ್ಮನೆ ಕರಗುತ್ತಾ ಹೋಗುವಂಥದ್ದು, ಬಿಸಿಯನ್ನೋ ಹುಳಿಯನ್ನೋ ಅರಿಯುವಂಥದ್ದಲ್ಲ. ಹುಣಸೆ ಜೆಲ್ ಕ್ಯಾನ್ಸರ್ ವಾರ್ಡಿನ ನಿತ್ಯದ ಮದ್ದಾಗಿಲ್ಲ. ಮರದ ಬೀಜವಾದ್ದರಿಂದ ಒಂದು ಮೂಟೆಯ ಸರಪಳಿಯ ಉದ್ದ ಇನ್ನೊಂದರಲ್ಲಿ ಇರುವುದಿಲ್ಲ. ಕಿಣ್ವ ಮುಟ್ಟಿಸುವ ಮೊದಲು ಪ್ರತಿ ಮೂಟೆಯ ಹಿಟ್ಟನ್ನೂ ಶುದ್ಧಿ ಮಾಡಿ ಹೊಸದಾಗಿ ಅಳೆಯಬೇಕು.