ಅಡಿಕೆ ತೋಟದ ಸಣ್ಣ ಟ್ರ್ಯಾಕ್ಟರ್: ಮನೆಯಲ್ಲೇ ದುರಸ್ತಿ

ಸಾಸ್ವೆಹಳ್ಳಿ ಕಡೆಯ ಬೆಳೆಗಾರ ಬಂಧುಗಳಲ್ಲಿ, 9 ಅಡಿ ಅಂತರದ ಅಡಿಕೆ ಸಾಲಿನಲ್ಲಿ ದುಡಿಯುವ ಸಣ್ಣ ಟ್ರ್ಯಾಕ್ಟರೇ ಭತ್ತದ ಗದ್ದೆಗೂ ಇಳಿಯುತ್ತದೆ. ಕೆಸರಿಗೆ ಸೀಲು ಸವೆದರೆ ಗೇರುಪೆಟ್ಟಿಗೆಗೆ ನೀರು ಸೇರುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗೆ ಕಂಡರೆ ಗಾಡಿ ಓಡಿಸದೆ, ಅದನ್ನು ಬಸಿದು, ಸೀಲು ಬದಲಿಸಿ, ಹೊಸ ಆಯಿಲ್ ತುಂಬಬೇಕು. ತಡಮಾಡಿದರೆ ಬೇರಿಂಗು, ಗೇರು ಎರಡೂ ಹಾಳಾಗಿ, ಕೊಯ್ಲಿನ ಹೊತ್ತಿಗೆ ಗಾಡಿ ನಿಲ್ಲುತ್ತದೆ.

ದುರಸ್ತಿಗೆ ಜ್ಯಾಕೊಂದನ್ನೇ ನಂಬಿ ಗಾಡಿಯಡಿ ನುಸುಳಬಾರದು. ಚಕ್ರಕ್ಕೆ ಅಡ್ಡಗಲ್ಲು, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೈಹಾಕಬೇಕು.

ಹೊಸದಾಗಿ ಏನಾದರೂ ಹಾಕಿಸುವುದಿದ್ದರೆ, ಮೊದಲು ಪಿ.ಟಿ.ಓ. ಶಾಫ್ಟಿಗೆ ಮುಚ್ಚಳ ಹಾಕಿಸಿರೆಂದು ನಾವು ಕೇಳಿಕೊಳ್ಳುತ್ತೇವೆ. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಂಚು ಸಿಕ್ಕಿದರೆ ಬಿಡಿಸಿಕೊಳ್ಳಲು ವೇಳೆಯಿಲ್ಲ. ಗಾಡಿಗೆ ಬಿಡಿಭಾಗ ಸಿಗುತ್ತದೆ, ಮನುಷ್ಯನಿಗೆ ಸಿಗುವುದಿಲ್ಲ.