ಸಾಗರ ಇದೆ, ಕಡಲಿಲ್ಲ

ಹೈದರಾಬಾದ್‌ನಿಂದ ಒಂದು ಪ್ರಶ್ನೆ.
ನಮ್ಮ ಹುಸೇನ್ ಸಾಗರದಲ್ಲಿ ಉಪ್ಪು ಯಾಕಿಲ್ಲ?

ಹೆಸರು ಸಾಗರ.
ಆದ್ರೆ ಅದು 16ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ!
ಕಡಲು ಅಲ್ಲಿಂದ ನೂರಾರು ಕಿಲೋಮೀಟರ್ ದೂರ.

ಅದಕ್ಕೇ ಇವತ್ತು ನಿಜವಾದ ಕಡಲು ತೋರಿಸೋಕೆ ನಿಮ್ಮನ್ನ
ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಗೆ ಕರ್ಕೊಂಡು ಹೋಗ್ತೀನಿ.

ನೋಡಿ, ಎಡಕ್ಕೆ ಅರಬ್ಬಿ ಸಮುದ್ರ.
ಬಲಕ್ಕೆ ನದಿ.
ನಡುವೆ ಸಣ್ಣ ಮರಳುಪಟ್ಟಿ.
ಅದರ ಮೇಲೆ ತೆಂಗು, ಮನೆ, ದೋಣಿ, ಒಂದು ರಸ್ತೆ.
ಕೋಡಿ ಅಂದ್ರೇನೇ ತುದಿ.

ಈ ನೆಲ ಹುಟ್ಟಿದ್ದು ಹೇಗೆ?

ಅಜ್ಜಿ ಮೊರದಲ್ಲಿ ಅಕ್ಕಿ ಕೇರೋದು ನೋಡಿದೀರಲ್ಲ?
ಕುಲುಕಿದ ಹಾಗೆಲ್ಲ ಕಾಳು ಒಂದು ಅಂಚಿಗೆ ಸರಿಯುತ್ತೆ.
ಅಲೆಗಳೂ ಹಾಗೇ.
ನದಿ ತಂದ ಮರಳನ್ನ ಕರಾವಳಿಯುದ್ದಕ್ಕೂ ಕೇರಿ ಕೇರಿ
ಒಂದು ಕಡೆ ಗುಡ್ಡೆ ಹಾಕ್ತವೆ.

ಆದ್ರೆ ಮೊರ ಹಿಡಿದಿರೋದು ಕಡಲು.
ಮಳೆಗಾಲದಲ್ಲಿ ಕೊಟ್ಟಿದ್ದನ್ನ ವಾಪಸ್ ಕೇಳುತ್ತೆ.
ದಡ ಕೊರೆಯುತ್ತೆ, ತೆಂಗಿನಮರ ಉರುಳುತ್ತೆ.
ಇಂಥ ಊರಿನ ಜನ ಆಗ ನಿದ್ದೆಗೆಟ್ಟು ಅಲೆಯ ಸದ್ದು ಕೇಳ್ತಾರೆ.
ಅದನ್ನ ನೆನೆದ್ರೆ ನನಗೆ ಸಂಕಟ ಆಗುತ್ತೆ.

ಅದೇ ಮಳೆಗಾಲದ ಜೂನ್, ಜುಲೈ.
ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ.
ಮೀನು ಮೊಟ್ಟೆ ಇಡೋ ಕಾಲ ಅದು.
ಆಗ ನಾಡದೋಣಿಯವರ ಸರದಿ.

ಮತ್ತೆ, ಕೈರಂಪಣಿ ಬಗ್ಗೆ ಕೇಳಿದೀರಾ?
ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಬಿಡ್ತಾರೆ.
ಎರಡೂ ತುದಿಯ ಹಗ್ಗ ದಡಕ್ಕೆ ಬರುತ್ತೆ.
ಆಮೇಲೆ ಹತ್ತಾರು ಜನ ಸಾಲಾಗಿ ನಿಂತು,
ಮರಳಲ್ಲಿ ಹಿಮ್ಮಡಿ ಊರಿ, ಒಟ್ಟಾಗಿ ಎಳೀತಾರೆ.

ಬಲೆ ಹತ್ತಿರ ಬಂತು.
ನೀರು ಬೆಳ್ಳಿ ಹಾಗೆ ಕುದೀತಿದೆ, ನೋಡಿ!